ಓದುಗರ ಪ್ರಶ್ನೆ: ಬೆರಳು ತಾಕಿದರೆ ಹಾಳಾಗುವ ಆರ್‌ಎನ್‌ಎ, ಬೆಳಕು ಬಿದ್ದರೆ ಬಾಗುವ ಅಣು

ಮೈಸೂರು, ಮಂಡ್ಯ ಕಡೆಯಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಎರಡೇ ವಿಷಯ ಕೇಳಿವೆ: ಮಾರ್ಪಡಿಸಿದ ಆರ್‌ಎನ್‌ಎ ಮತ್ತು ಬೆಳಕಿನಿಂದ ಕಿಣ್ವವನ್ನು ತಡೆಯುವ ಅಣುಗಳು. ಪ್ರಯೋಗ ಮಾಡಿ ಸೋತವರ ಪ್ರಶ್ನೆಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ಯೀಸ್ಟ್‌ನಿಂದ ತೆಗೆದ ಆರ್‌ಎನ್‌ಎ ಮೊದಲ ದಿನ ಜೆಲ್ ಮೇಲೆ ಎರಡು ಗೆರೆಯಾಗಿ ಚೆನ್ನಾಗಿ ಕಾಣುತ್ತದೆ. ಮೂರನೆಯ ದಿನಕ್ಕೆ ಮಸಿ ಬಳಿದ ಹಾಗೆ ಕೆಳಗಿನವರೆಗೂ ಹರಡಿರುತ್ತದೆ. ಡಿಇಪಿಸಿ ಹಾಕಿದ ನೀರನ್ನೇ ಬಳಸಿದ್ದೇನೆ. ತಪ್ಪೆಲ್ಲಿ?
— ಎಂ.ಎಸ್ಸಿ. ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಆರ್‌ಎನ್‌ಎ ಕತ್ತರಿಸುವ ಆರ್‌ಎನ್‌ಏಸ್ ಎಂಬ ಕಿಣ್ವವನ್ನು ಕೆಡಿಸಲು ನೀರಿಗೆ ಹಾಕುವ ರಾಸಾಯನಿಕವೇ ಡಿಇಪಿಸಿ. ನಿಮ್ಮ ನೀರು ಸರಿಯಿರಬಹುದು. ಬಫರ್ ಹೇಗೆ ಮಾಡಿದಿರಿ ಎಂದು ನೀವು ಬರೆದಿಲ್ಲ. ಟ್ರಿಸ್ ಬಫರಿಗೆ (ಪಿಎಚ್ ಕಾಯುವ ದ್ರಾವಣ) ನೇರವಾಗಿ ಡಿಇಪಿಸಿ ಹಾಕಿದ್ದರೆ ಅದು ವ್ಯರ್ಥ. ಟ್ರಿಸ್‌ನಲ್ಲಿರುವ ಅಮೈನ್ ಗುಂಪೇ ಡಿಇಪಿಸಿಯನ್ನು ತಿಂದು ಮುಗಿಸುತ್ತದೆ, ಆರ್‌ಎನ್‌ಏಸ್ ಕಿಣ್ವಕ್ಕೆ ಏನೂ ಉಳಿಯುವುದಿಲ್ಲ. ಸರಿಯಾದ ಕ್ರಮ ಹೀಗೆ: 1 ಲೀಟರ್ ನೀರಿಗೆ 1 ಮಿಲಿ ಲೀಟರ್ ಡಿಇಪಿಸಿ ಹಾಕಿ, ಫ್ಯೂಮ್ ಹುಡ್ ಒಳಗೆ ಚೆನ್ನಾಗಿ ಕುಲುಕಿ, ರಾತ್ರಿಯಿಡೀ ಬಿಟ್ಟು, ಮರುದಿನ ಆಟೋಕ್ಲೇವ್ ಮಾಡಿ, ಅಂದರೆ ಒತ್ತಡದ ಹಬೆಯಲ್ಲಿ ಬಿಸಿ ಮಾಡಿ. ಆಗ ಡಿಇಪಿಸಿ ಒಡೆದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ. ಈ ನೀರಿನಲ್ಲಿ, ಬೇರೆಯವರು ಚಮಚ ಹಾಕದ ಹೊಸ ಡಬ್ಬಿಯ ಟ್ರಿಸ್ ಪುಡಿ ಕರಗಿಸಿ. ಡಿಇಪಿಸಿ ಬಾಟಲಿ ಫ್ರಿಜ್ಜಿನಿಂದ ಬಂದಿದ್ದರೆ ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ತೆರೆಯಬೇಡಿ. ತಣ್ಣಗಿರುವ ಬಾಟಲಿಯೊಳಗೆ ಗಾಳಿಯ ತೇವ ಇಳಿದರೆ ಡಿಇಪಿಸಿ ಅಲ್ಲೇ ಹಾಳಾಗುತ್ತದೆ.

ಆಟೋಕ್ಲೇವ್ ಒಂದನ್ನೇ ನಂಬಿದ್ದರೆ ಅದೂ ತಪ್ಪು. ಆರ್‌ಎನ್‌ಏಸ್ ಎ 124 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನು. ಗಂಧಕದ ನಾಲ್ಕು ಸೇತುವೆಗಳು ಅದನ್ನು ಹೊಲಿದಿಟ್ಟಿವೆ. ಕುದಿಸಿದರೆ ಬಿಚ್ಚಿಕೊಳ್ಳುತ್ತದೆ, ತಣ್ಣಗಾದ ಮೇಲೆ ಮತ್ತೆ ಮಡಚಿಕೊಂಡು ಕೆಲಸಕ್ಕೆ ನಿಲ್ಲುತ್ತದೆ. ಗಾಜಿನ ಸಾಮಾನನ್ನು 240 ಡಿಗ್ರಿ ಸೆಲ್ಸಿಯಸ್‌ನಲ್ಲಿ 4 ಗಂಟೆ ಒಣ ಬಿಸಿಗೆ ಇಡಿ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು. ನಿಮ್ಮ ಬೆಂಚಿನ ಮೇಲೆ ಪ್ಲಾಸ್ಮಿಡ್ (ಬ್ಯಾಕ್ಟೀರಿಯಾದ ಉಂಗುರಾಕಾರದ ಡಿಎನ್‌ಎ) ತೆಗೆಯುವವರಿದ್ದಾರೆಯೇ? ಆ ಕೆಲಸದ ಮೊದಲ ಬಫರಿಗೆ ಬೇಕೆಂದೇ ಆರ್‌ಎನ್‌ಏಸ್ ಎ ಬೆರೆಸಿರುತ್ತಾರೆ, ಸಾಮಾನ್ಯವಾಗಿ ಮಿಲಿ ಲೀಟರಿಗೆ 100 ಮೈಕ್ರೊಗ್ರಾಂ. ಅದೇ ಪಿಪೆಟ್, ಅದೇ ಜೆಲ್ ತೊಟ್ಟಿ ನಿಮ್ಮ ಕೈಗೆ ಬಂದರೆ ಡಿಇಪಿಸಿ ನೀರು ಎಷ್ಟಿದ್ದರೂ ಪ್ರಯೋಜನವಿಲ್ಲ. ತೊಟ್ಟಿ, ಜೆಲ್‌ನಲ್ಲಿ ಗುಳಿ ಮೂಡಿಸುವ ಬಾಚಣಿಗೆ ಎರಡನ್ನೂ ಸೋಪು ನೀರಲ್ಲಿ ತೊಳೆದು, ಶೇ 3ರ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ 10 ನಿಮಿಷ ನೆನೆಸಿ, ಡಿಇಪಿಸಿ ನೀರಲ್ಲಿ ಜಾಲಿಸಿ. ಪಿಪೆಟ್ ಒಂದು ಜೊತೆ ಬೇರೆಯೇ ಇಟ್ಟುಕೊಳ್ಳಿ. ಗ್ಲೌಸ್ ಹಾಕಿದ ಕೈಯಲ್ಲಿ ಮೊಬೈಲ್, ಬಾಗಿಲ ಹಿಡಿ, ಕನ್ನಡಕ ಮುಟ್ಟಿದರೆ ಆ ಗ್ಲೌಸ್ ಬದಲಿಸಿ.

ತಪ್ಪು ಯಾವ ಬಾಟಲಿಯಲ್ಲಿದೆ ಎಂದು ಒಂದು ಮಧ್ಯಾಹ್ನದಲ್ಲಿ ಪತ್ತೆ ಮಾಡಬಹುದು. ತಲಾ 1 ಮೈಕ್ರೊಗ್ರಾಂ ಆರ್‌ಎನ್‌ಎ, ಒಟ್ಟು 10 ಮೈಕ್ರೊಲೀಟರ್ ಇರುವಂತೆ ನಾಲ್ಕು ಟ್ಯೂಬ್ ಮಾಡಿ. ಒಂದು ಐಸ್ ಮೇಲೆ ಇರಲಿ. ಎರಡನೆಯದರಲ್ಲಿ ನಿಮ್ಮ ನೀರು, ಮೂರನೆಯದರಲ್ಲಿ ನಿಮ್ಮ ಬಫರ್, ನಾಲ್ಕನೆಯದರಲ್ಲಿ ಬಫರ್ ಜೊತೆ 20 ಯೂನಿಟ್ ಆರ್‌ಎನ್‌ಏಸ್ ಪ್ರತಿಬಂಧಕ ಪ್ರೋಟೀನು. ಈ ಮೂರನ್ನೂ 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಒಟ್ಟಿಗೆ ಜೆಲ್ ಓಡಿಸಿ. ಐಸ್ ಮೇಲಿದ್ದುದೇ ಹಾಳಾಗಿದ್ದರೆ ಸಂಗ್ರಹದಲ್ಲಿ ತಪ್ಪು. ಎರಡನೆಯದು ಸರಿ, ಮೂರನೆಯದು ಹಾಳು, ನಾಲ್ಕನೆಯದು ಸರಿ ಎಂದರೆ ಬಫರಿನಲ್ಲಿ ಆರ್‌ಎನ್‌ಏಸ್ ಇದೆ. ನಾಲ್ಕನೆಯದೂ ಹಾಳಾಗಿದ್ದರೆ ಮೆಗ್ನೀಸಿಯಂ ಅಥವಾ ಹೆಚ್ಚಿದ ಪಿಎಚ್ ಮೇಲೆ ಅನುಮಾನ ಪಡಿ. ಆದರೆ ಆ ಪ್ರತಿಬಂಧಕ ಎ, ಬಿ, ಸಿ ಬಗೆಯ ಆರ್‌ಎನ್‌ಏಸ್‌ಗಳನ್ನಷ್ಟೇ ಹಿಡಿಯುತ್ತದೆ, ಟಿ1 ಬಗೆಯನ್ನು ಹಿಡಿಯುವುದಿಲ್ಲ. ಹಳೆಯ ಮಾದರಿಯ ಪ್ರತಿಬಂಧಕವಾದರೆ 1 ಮಿಲಿಮೋಲಾರ್ ಡಿಟಿಟಿ (ಉತ್ಕರ್ಷಣೆ ತಡೆಯುವ ರಾಸಾಯನಿಕ) ಜೊತೆಗಿರಲೇಬೇಕು.

260 ಮತ್ತು 280 ನ್ಯಾನೊಮೀಟರ್‌ನಲ್ಲಿನ ಬೆಳಕಿನ ಹೀರಿಕೆಯ ಅನುಪಾತ 2.0 ಬಂತು ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಚೂರಾದ ಆರ್‌ಎನ್‌ಎ ಕೂಡ ಅಷ್ಟೇ ಓದು ಕೊಡುತ್ತದೆ. ಜೆಲ್ ಮೇಲೆ ಉದ್ದದ ಆರ್‌ಎನ್‌ಎಯ 25ಎಸ್ ಗೆರೆ ಗಿಡ್ಡದರ 18ಎಸ್ ಗೆರೆಗಿಂತ ಸುಮಾರು ಎರಡು ಪಟ್ಟು ಹೊಳೆಯುತ್ತಿದೆಯೇ, ಅದನ್ನು ನೋಡಿ.

ಕರೆಂಟ್ ಹೋಗಿ ಬರುವ ಊರಿನಲ್ಲಿ, ಹಿಮ ಕಟ್ಟದಂತೆ ತಾನೇ ಬಿಸಿಯಾಗುವ ಫ್ರೀಜರಿನಲ್ಲಿ ನೀರಿನಲ್ಲಿ ಕರಗಿಸಿದ ಆರ್‌ಎನ್‌ಎ ಇಡುವುದು ಸರಿಯಲ್ಲ. 0.3 ಮೋಲಾರ್ ಸೋಡಿಯಂ ಅಸಿಟೇಟ್ ಸೇರಿಸಿ, ಎರಡೂವರೆ ಪಟ್ಟು ಎಥನಾಲ್ ಹಾಕಿ, ಮೈನಸ್ 20ರಲ್ಲಿ ಹಾಗೆಯೇ ಬಿಡಿ. ಆಲ್ಕೋಹಾಲಿನೊಳಗೆ ಆರ್‌ಎನ್‌ಏಸ್ ಕೆಲಸ ಮಾಡುವುದಿಲ್ಲ. ಬೇಕಾದ ದಿನ ಸೆಂಟ್ರಿಫ್ಯೂಜ್ ಮಾಡಿ ಬೇಕಾದಷ್ಟೇ ಕರಗಿಸಿಕೊಳ್ಳಿ.

ಪ್ರಶ್ನೆ: ಕೋವಿಡ್ ಲಸಿಕೆಯಲ್ಲಿ ಮಾರ್ಪಡಿಸಿದ ಆರ್‌ಎನ್‌ಎ ಇತ್ತು ಎನ್ನುತ್ತಾರೆ. ಮಾರ್ಪಡಿಸಿದ್ದು ಏನನ್ನು? ಬೇಗ ಹಾಳಾಗದಿರಲಿ ಎಂದೇ? ಮಕ್ಕಳು ಕೇಳಿದರೆ ಸರಿಯಾಗಿ ಹೇಳಬೇಕು.
— ಪ್ರೌಢಶಾಲಾ ಶಿಕ್ಷಕರು, ಕುವೆಂಪುನಗರ, ಮೈಸೂರು

ಉತ್ತರ: ಮಾರ್ಪಾಡು ಎಂಬ ಒಂದೇ ಮಾತಿನಡಿ ಎರಡು ಬೇರೆ ಕೆಲಸಗಳು ನಡೆಯುತ್ತವೆ. ಅವನ್ನು ಬಿಡಿಸಿ ಹೇಳಿದರೆ ಮಕ್ಕಳಿಗೆ ಗೊಂದಲವಾಗದು.

ಮೊದಲನೆಯದು ಸಕ್ಕರೆಯ ಮೇಲಿನ ಮಾರ್ಪಾಡು. ಆರ್‌ಎನ್‌ಎಯ ರೈಬೋಸ್ ಸಕ್ಕರೆಯಲ್ಲಿ 2-ಪ್ರೈಮ್ ಎನ್ನುವ ಜಾಗದಲ್ಲಿ ಒಂದು ಹೈಡ್ರಾಕ್ಸಿಲ್ ಗುಂಪು ಇದೆ, ಡಿಎನ್‌ಎಯಲ್ಲಿ ಆ ಜಾಗ ಖಾಲಿ. ಆರ್‌ಎನ್‌ಎ ಮುರಿಯುವುದಕ್ಕೆ ಕಾರಣ ಆ ಗುಂಪೇ. ಕ್ಷಾರವೋ ಆರ್‌ಎನ್‌ಏಸ್ ಕಿಣ್ವವೋ ಅದರ ಹೈಡ್ರೋಜನ್ನನ್ನು ಕಿತ್ತುಕೊಂಡರೆ ಉಳಿದ ಆಮ್ಲಜನಕ ಪಕ್ಕದ ರಂಜಕದ ಮೇಲೆ ಎರಗುತ್ತದೆ, ಸರಪಳಿ ಅಲ್ಲೇ ತುಂಡಾಗುತ್ತದೆ. ಸರಪಳಿಯನ್ನು ಕಡಿಯುವ ಕತ್ತಿ ಸರಪಳಿಯೊಳಗೇ ಇದ್ದ ಹಾಗೆ. ಆ ಹೈಡ್ರಾಕ್ಸಿಲ್ ಜಾಗಕ್ಕೆ ಫ್ಲೋರಿನ್ ಅಥವಾ ಮಿಥಾಕ್ಸಿ ಗುಂಪು ಕೂರಿಸಿದರೆ ಕತ್ತಿಗೆ ಅಲಗಿಲ್ಲ. 2018ರಲ್ಲಿ ಒಪ್ಪಿಗೆ ಪಡೆದ ಪಾಟಿಸಿರಾನ್ ಎಂಬ ಮೊದಲ ಎಸ್‌ಐಆರ್‌ಎನ್‌ಎ (ಜೀನನ್ನು ಸುಮ್ಮನಾಗಿಸುವ ಪುಟ್ಟ ಜೋಡಿ ಎಳೆಯ ಆರ್‌ಎನ್‌ಎ) ಔಷಧದಲ್ಲಿ ಮಿಥಾಕ್ಸಿ ಬಗೆಯ ಮಾರ್ಪಾಡಿದೆ. ಬೆನ್ನುಹುರಿಯ ಸ್ನಾಯು ಕ್ಷಯಕ್ಕೆ 2016ರಲ್ಲಿ ಬಂದ ನುಸಿನರ್ಸೆನ್‌ನಲ್ಲಿ ಎಲ್ಲ ಸಕ್ಕರೆಗಳ ಅದೇ ಜಾಗದಲ್ಲಿ ಇನ್ನೂ ಉದ್ದದ ಮಿಥಾಕ್ಸಿ-ಎಥಿಲ್ ಗುಂಪಿದೆ. ಜೊತೆಗೆ ರಂಜಕದ ಒಂದು ಆಮ್ಲಜನಕದ ಬದಲು ಗಂಧಕವಿದೆ.

ಎರಡನೆಯದು ಬೇಸ್ ಮೇಲಿನ, ಅಂದರೆ ಆರ್‌ಎನ್‌ಎಯ ಅಕ್ಷರದ ಮೇಲಿನ ಮಾರ್ಪಾಡು. ಫೈಜರ್-ಬಯೋಎನ್‌ಟೆಕ್ ಮತ್ತು ಮಾಡರ್ನಾ ಲಸಿಕೆಗಳಲ್ಲಿ ಮಾಡಿದ್ದು ಇದು. ಯುರಿಡಿನ್ ಬದಲು ಎನ್1-ಮಿಥೈಲ್ ಸ್ಯೂಡೊಯುರಿಡಿನ್ ಹಾಕಿದರು. ಯುರಿಡಿನ್‌ನಲ್ಲಿ ಬೇಸ್ ಸಕ್ಕರೆಗೆ ಸಾರಜನಕದ ಮೂಲಕ ಅಂಟಿರುತ್ತದೆ, ಸ್ಯೂಡೊಯುರಿಡಿನ್‌ನಲ್ಲಿ ಇಂಗಾಲದ ಮೂಲಕ. ಉದ್ದೇಶ ಮುಖ್ಯವಾಗಿ ಬಾಳಿಕೆಯಲ್ಲ. ಹೊರಗಿನ ಆರ್‌ಎನ್‌ಎ ಒಳಗೆ ಬಂದರೆ ಜೀವಕೋಶದ ಕಾವಲು ಪ್ರೋಟೀನುಗಳು ವೈರಸ್ ಬಂತೆಂದು ಎಚ್ಚರ ಸಾರಿ ಪ್ರೋಟೀನು ತಯಾರಿಕೆಯನ್ನೇ ನಿಲ್ಲಿಸುತ್ತವೆ. ಬೇಸ್ ಬದಲಿಸಿದರೆ ಆ ಗದ್ದಲ ತಗ್ಗುತ್ತದೆ ಎಂದು ಕಾಟಲಿನ್ ಕಾರಿಕೊ ಮತ್ತು ಡ್ರೂ ವೈಸ್‌ಮನ್ 2005ರಲ್ಲಿ ತೋರಿಸಿದರು. 2023ರ ವೈದ್ಯಕೀಯ ನೊಬೆಲ್ ಅವರಿಗೆ ಬಂದದ್ದು ಈ ಕೆಲಸಕ್ಕೆ.

ಲಸಿಕೆಗೂ ಸಕ್ಕರೆಯ ಮಾರ್ಪಾಡನ್ನೇ ಉದ್ದಕ್ಕೂ ಮಾಡಿದ್ದರೆ ಗಟ್ಟಿಯಾಗುತ್ತಿತ್ತಲ್ಲ ಎಂದು ಚುರುಕಾದ ಹುಡುಗಿಯೊಬ್ಬಳು ಕೇಳಿಯೇ ಕೇಳುತ್ತಾಳೆ. ಹಾಗೆ ಮಾಡಿದರೆ ಪ್ರೋಟೀನು ತಯಾರಿಸುವ ರೈಬೋಸೋಮ್ ಅದನ್ನು ಸರಿಯಾಗಿ ಓದಲಾರದು. ಓದಿಸಿಕೊಳ್ಳಬೇಕಾದ ಆರ್‌ಎನ್‌ಎಗೆ ಒಂದು ಬಗೆ, ಹೋಗಿ ಅಂಟಿಕೊಂಡರೆ ಸಾಕು ಎನ್ನುವ ಆರ್‌ಎನ್‌ಎಗೆ ಇನ್ನೊಂದು ಬಗೆ.

ಇದೇನೂ ಮನುಷ್ಯ ಕಟ್ಟಿದ ವಿದ್ಯೆಯಲ್ಲ ಎಂಬುದನ್ನೂ ಹೇಳಿ. ಸ್ಯೂಡೊಯುರಿಡಿನ್ 1951ರಲ್ಲೇ ಜೀವಕೋಶದ ಆರ್‌ಎನ್‌ಎಯಲ್ಲಿ ಸಿಕ್ಕಿತ್ತು. ರಾಬರ್ಟ್ ಹಾಲಿ 1965ರಲ್ಲಿ ಯೀಸ್ಟ್‌ನಲ್ಲಿ ಅಲನಿನ್ ಎಂಬ ಅಮೈನೊ ಆಮ್ಲ ಹೊತ್ತು ತರುವ ಟಿಆರ್‌ಎನ್‌ಎಯ ಪೂರ್ತಿ ಸರಣಿಯನ್ನು ಬಿಡಿಸಿದಾಗ ಅದರಲ್ಲೂ ಇಂಥ ಬೇಸ್‌ಗಳಿದ್ದವು. 1968ರ ನೊಬೆಲ್‌ನಲ್ಲಿ ಹಾಲಿ, ನೈರೆನ್‌ಬರ್ಗ್ ಜೊತೆ ನಮ್ಮ ಹರಗೋವಿಂದ ಖುರಾನಾ ಕೂಡ ಇದ್ದರು. ಇನ್ನು, ಲಸಿಕೆಯ ಆರ್‌ಎನ್‌ಎ ಜೀವಕೋಶದ ಕೋಶಕೇಂದ್ರದ ಹೊರಗೇ ಕೆಲಸ ಮುಗಿಸಿ ಒಡೆದುಹೋಗುತ್ತದೆ, ಡಿಎನ್‌ಎ ತಿದ್ದುವುದಿಲ್ಲ.

ಪ್ರಶ್ನೆ: ಆರ್ಡರ್ ಕೊಟ್ಟು ತರಿಸುವ ಆರ್‌ಎನ್‌ಎ 21 ಅಕ್ಷರಕ್ಕೆ ಒಂದು ಬೆಲೆ, 76 ಅಕ್ಷರಕ್ಕೆ ಅದರ ಎಷ್ಟೋ ಪಟ್ಟು. ನಾಲ್ಕು ಪಟ್ಟು ಉದ್ದಕ್ಕೆ ನಾಲ್ಕು ಪಟ್ಟು ಬೆಲೆ ಸಾಲದೆ?
— ಸಂಶೋಧನಾ ವಿದ್ಯಾರ್ಥಿ, ಮಾನಸಗಂಗೋತ್ರಿ

ಉತ್ತರ: ಸಾಲದು. ಒಂದೊಂದೇ ಅಕ್ಷರ ಪೋಣಿಸುವಾಗ ಪ್ರತಿ ಹೆಜ್ಜೆಯಲ್ಲೂ ಸ್ವಲ್ಪ ಸೋರಿಕೆ ಇರುತ್ತದೆ. ಹೆಜ್ಜೆಗೆ ಶೇ 99 ಗೆದ್ದರೆ 21 ಅಕ್ಷರದ 20 ಜೋಡಣೆಯ ಕೊನೆಗೆ ಶೇ 82 ಪೂರ್ತಿ ಸರಪಳಿ ಸಿಗುತ್ತದೆ. 76 ಅಕ್ಷರಕ್ಕೆ ಶೇ 47 ಮಾತ್ರ. ಹೆಜ್ಜೆಯ ಗೆಲುವು ಶೇ 98ಕ್ಕೆ ಇಳಿದರೆ ಮೊದಲನೆಯದು 67, ಎರಡನೆಯದು 22. ಉಳಿದದ್ದೆಲ್ಲ ಮೊಟಕು ತುಂಡುಗಳು. ಅವನ್ನು ಯೂರಿಯಾ ಜೆಲ್ ಅಥವಾ ಎಚ್‌ಪಿಎಲ್‌ಸಿಯಲ್ಲಿ ಬೇರ್ಪಡಿಸುವ ಕೂಲಿಯೂ ಬೆಲೆಯಲ್ಲಿ ಸೇರುತ್ತದೆ.

ಹೆಜ್ಜೆ ತಪ್ಪಿಸುವ ದೊಡ್ಡ ಶತ್ರು ನೀರಿನ ತೇವ. ನಿಮ್ಮ ವಿಭಾಗದಲ್ಲೇ ಯಂತ್ರವಿದ್ದರೆ ಆಷಾಢದ ಮಳೆಯಲ್ಲಿ ದ್ರಾವಕವಾದ ಅಸಿಟೋನೈಟ್ರೈಲ್ ಬಾಟಲಿ ತೆರೆದಿಟ್ಟು ಹೋಗಬೇಡಿ, ತೇವ ಹೀರುವ ಆಣ್ವಿಕ ಜರಡಿಯ ಗುಳಿಗೆಗಳನ್ನು ಅದರೊಳಗೆ ಹಾಕಿಡಿ. ಪ್ರತಿ ಸುತ್ತಿನಲ್ಲೂ ಅಕ್ಷರದ ತುದಿ ಕಾಯುವ ಟ್ರೈಟಿಲ್ ಗುಂಪು ಕಿತ್ತಾಗ ಹೊರಬರುವ ಕಿತ್ತಳೆ ಬಣ್ಣವನ್ನು 498 ನ್ಯಾನೊಮೀಟರ್‌ನಲ್ಲಿ ಅಳೆಯುತ್ತ ಹೋಗಿ. ಬಣ್ಣ ಯಾವ ಸುತ್ತಿನಲ್ಲಿ ತೆಳುವಾಯಿತೋ ಆ ಸುತ್ತಿನಲ್ಲೇ ಜೋಡಣೆ ಕೆಟ್ಟಿದೆ.

ಪ್ರಶ್ನೆ: ರೇಷ್ಮೆ ಹುಳುವಿನ ಐದನೇ ಹಂತದಲ್ಲಿ ಹಾಲುತೊಂಡೆ ರೋಗ ಬಂದು ಬೆಳೆ ಹೋಯಿತು. ಹಿಪ್ಪುನೇರಳೆ ಸೊಪ್ಪಿಗೆ ಆರ್‌ಎನ್‌ಎ ಸಿಂಪಡಿಸಿ ಹುಳುವಿನ ವೈರಸ್ ತಡೆಯಬಹುದು ಎಂದು ಕೇಳಿದೆ. ಎಲ್ಲಿ ಸಿಗುತ್ತದೆ?
— ರೇಷ್ಮೆ ಬೆಳೆಗಾರ, ಮಳವಳ್ಳಿ

ಉತ್ತರ: ಯಾರಾದರೂ ಬಾಟಲಿಯಲ್ಲಿ ತಂದು ಕೊಟ್ಟರೂ ದುಡ್ಡು ಹಾಕಬೇಡಿ. ಕಾರಣ ಹುಳುವಿನ ಹೊಟ್ಟೆಯಲ್ಲಿದೆ.

ವೈರಸ್‌ನ ಜೀನಿಗೆ ಹೊಂದುವ ಜೋಡಿ ಎಳೆಯ ಆರ್‌ಎನ್‌ಎ ಜೀವಕೋಶದೊಳಗೆ ಹೋದರೆ ಆ ಜೀನಿನ ಬಾಯಿ ಮುಚ್ಚಿಸಬಹುದು, ಅದು ನಿಜ. ಆದರೆ ರೇಷ್ಮೆ ಹುಳುವಿನ ಕರುಳು ಸುಣ್ಣದ ತಿಳಿಯಂತೆ ಕ್ಷಾರಮಯ, ಪಿಎಚ್ 9ರಿಂದ 10ರ ಆಸುಪಾಸು. ಮೇಲೆ ಹೇಳಿದ ಆ 2-ಪ್ರೈಮ್ ಹೈಡ್ರಾಕ್ಸಿಲ್ ಕ್ಷಾರದಲ್ಲೇ ಚುರುಕಾಗುವುದು. ಜೊತೆಗೆ ಜೋಡಿ ಎಳೆಯ ಆರ್‌ಎನ್‌ಎಯನ್ನೇ ಕತ್ತರಿಸುವ ಕಿಣ್ವವೂ ಕರುಳಿನಲ್ಲಿದೆ. ಸೊಪ್ಪಿನ ಮೂಲಕ ತಿನ್ನಿಸಿದ ಆರ್‌ಎನ್‌ಎ ಬಹುಪಾಲು ಅಲ್ಲೇ ಚೂರಾಗುತ್ತದೆ. ಕೆಲವು ಜೀರುಂಡೆಗಳಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ, ಚಿಟ್ಟೆ-ಪತಂಗದ ಜಾತಿಯಲ್ಲಿ ನೆಚ್ಚಿಕೊಳ್ಳುವಂತಿಲ್ಲ. ಹುಳುವಿನ ಜೀನಿನೊಳಗೇ ಇಂಥ ಆರ್‌ಎನ್‌ಎ ತಯಾರಾಗುವಂತೆ ಮಾಡಿದ ತಳಿಗಳು ಪ್ರಯೋಗಾಲಯದಲ್ಲಿವೆ, ಅದು ಸಿಂಪಡಿಸುವ ಮಾತಲ್ಲ.

ನೋವಿನ ಸಂಗತಿಯೆಂದರೆ ಆರ್‌ಎನ್‌ಎಯನ್ನು ಕೆಡಿಸುವ ಅದೇ ಕ್ಷಾರ ವೈರಸ್‌ಗೆ ಬಾಗಿಲು ತೆರೆಯುತ್ತದೆ. ಹಾಲುತೊಂಡೆಯ ವೈರಸ್ ಪ್ರೋಟೀನಿನ ಗಟ್ಟಿ ಹರಳಿನೊಳಗೆ ಕೂತು ತಟ್ಟೆ, ಗೋಡೆ, ದೂಳಿನಲ್ಲಿ ಕಾಯುತ್ತಿರುತ್ತದೆ. ಹುಳು ತಿಂದ ಮೇಲೆ ಕರುಳಿನ ಕ್ಷಾರದಲ್ಲಿ ಆ ಹರಳು ಕರಗಿ ವೈರಸ್ ಹೊರಬರುತ್ತದೆ. ಆದ್ದರಿಂದ ಹರಳು ಹೊಟ್ಟೆ ಸೇರುವ ಮುಂಚೆಯೇ ಕೊಲ್ಲಬೇಕು. ಹುಳು ಮನೆಗೆ, ತಟ್ಟೆಗಳಿಗೆ, ಹುಳು ಗೂಡು ಕಟ್ಟುವ ಚಂದ್ರಿಕೆಗಳಿಗೆ ಶೇ 2ರ ಬ್ಲೀಚಿಂಗ್ ಪೌಡರ್ ಮತ್ತು ಶೇ 0.3ರ ಅರಳಿದ ಸುಣ್ಣದ ದ್ರಾವಣ ಹೊಡೆಯಿರಿ. 100 ಲೀಟರ್ ನೀರಿಗೆ 2 ಕಿಲೋ ಬ್ಲೀಚಿಂಗ್ ಪೌಡರ್, 300 ಗ್ರಾಂ ಸುಣ್ಣ. ಪೌಡರ್‌ನಲ್ಲಿ ಕ್ಲೋರಿನ್ ಶೇ 30ರಷ್ಟು ಇರಬೇಕು. ಘಾಟು ಹೋದ ಹಳೆಯ ಪುಡಿಯಿಂದ ಗೋಡೆ ಬಿಳಿಯಾಗುತ್ತದೆ ಅಷ್ಟೆ. ಮೈ ಊದಿಕೊಂಡು ಹೊಳೆಯುವ, ಕಾಲು ಮುರಿದರೆ ಹಾಲಿನಂಥ ರಸ ಸುರಿಸುವ ಹುಳುಗಳನ್ನು ಕಂಡ ಕೂಡಲೇ ಕಡ್ಡಿಯಿಂದ ಆರಿಸಿ ಸುಣ್ಣ ಮತ್ತು ಬ್ಲೀಚಿಂಗ್ ಪೌಡರ್ ಹಾಕಿದ ನೀರಿಗೆ ಬಿಡಿ, ತಿಪ್ಪೆಗೆ ಎಸೆಯಬೇಡಿ, ಕೋಳಿಗೆ ಹಾಕಬೇಡಿ. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯ ಸಲಹೆಯನ್ನು ನಿಮ್ಮ ತಾಂತ್ರಿಕ ಸೇವಾ ಕೇಂದ್ರದ ಮೂಲಕ ಪಡೆಯಿರಿ.

ಪ್ರಶ್ನೆ: ಮೊಮ್ಮಗುವಿಗೆ ಹುಟ್ಟಿದ ಮೂರನೇ ದಿನ ಕಾಮಾಲೆ ಎಂದು ನೀಲಿ ದೀಪದ ಕೆಳಗೆ ಇಟ್ಟರು. ದೀಪ ಏನು ಮಾಡುತ್ತದೆ? ಮನೆಯಲ್ಲೇ ಎಳೆ ಬಿಸಿಲಿಗೆ ಹಿಡಿದರೆ ಆಗದೆ?
— ಗೃಹಿಣಿ, ಶ್ರೀರಂಗಪಟ್ಟಣ

ಉತ್ತರ: ಬೆಳಕೇ ಔಷಧವಾದದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಬಿಲಿರುಬಿನ್ ಎಂಬ ಹಳದಿ ಅಣು ತನ್ನೊಳಗೇ ಮಡಚಿಕೊಂಡು, ನೀರಿಗೆ ಒಗ್ಗುವ ಭಾಗಗಳನ್ನು ಒಳಗೆ ಮುಚ್ಚಿಟ್ಟುಕೊಂಡಿರುತ್ತದೆ. ಹಾಗಾಗಿ ಯಕೃತ್ತು ಅದಕ್ಕೆ ಇನ್ನೊಂದು ಅಣು ಜೋಡಿಸಿಕೊಟ್ಟರೆ ಮಾತ್ರ ಅದು ದೇಹದಿಂದ ಹೊರಗೆ ಹೋಗುತ್ತದೆ. ಎಳೆ ಮಗುವಿನ ಯಕೃತ್ತಿಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ. 460ರಿಂದ 490 ನ್ಯಾನೊಮೀಟರಿನ ನೀಲಿ ಬೆಳಕು ಚರ್ಮದಡಿಯ ಬಿಲಿರುಬಿನ್‌ನ ಒಂದು ಜೋಡಿ ಬಂಧವನ್ನು ತಿರುಚುತ್ತದೆ, ಮಡಿಕೆ ಬಿಚ್ಚುತ್ತದೆ, ಅಣು ನೀರಿಗೆ ಒಗ್ಗುತ್ತದೆ, ಪಿತ್ತ ಮತ್ತು ಮೂತ್ರದಲ್ಲಿ ಹೋಗುತ್ತದೆ.

ಬಿಸಿಲು ಇದಕ್ಕೆ ಬದಲಿಯಲ್ಲ. ಎಷ್ಟು ನೀಲಿ ಬೆಳಕು ಬಿತ್ತು ಎಂಬ ಲೆಕ್ಕವಿರುವುದಿಲ್ಲ. ಮಗುವಿನ ಮೈ ಸುಡಬಹುದು, ನೀರಿನಂಶ ಕಡಿಮೆಯಾಗಬಹುದು. ದೀಪದಡಿ ಇಟ್ಟ ಮೇಲೆ ಚರ್ಮದ ಹಳದಿ ಬೇಗ ಇಳಿಯುತ್ತದೆ, ರಕ್ತದಲ್ಲಿ ಮಾತ್ರ ಇನ್ನೂ ಹೆಚ್ಚೇ ಇರಬಹುದು. ಕಣ್ಣಿಗೆ ಕಂಡದ್ದನ್ನು ನಂಬದೆ ರಕ್ತ ಪರೀಕ್ಷೆ ನಂಬಿ. ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ, ಮಗು ಹಾಲು ಬಿಟ್ಟು ಮಂಕಾಗಿ ಮಲಗಿದರೆ ಆ ಕ್ಷಣವೇ ವೈದ್ಯರ ಹತ್ತಿರ ಹೋಗಿ.

ಪ್ರಶ್ನೆ: ಅಜೋಬೆಂಜೀನ್ ಸೇರಿಸಿದ ಪ್ರೋಟಿಯೇಸ್ (ಪ್ರೋಟೀನು ಕತ್ತರಿಸುವ ಕಿಣ್ವ) ಪ್ರತಿಬಂಧಕ ಮಾಡಿದ್ದೇನೆ. ಕತ್ತಲೆಯಲ್ಲಿ ಕಿಣ್ವವನ್ನು ಚೆನ್ನಾಗಿ ತಡೆಯುತ್ತದೆ. 365 ನ್ಯಾನೊಮೀಟರ್ ಬೆಳಕು ಬಿಟ್ಟ ಮೇಲೆ ತಡೆಯಬಾರದು, ಆದರೂ ತಡೆಯುತ್ತದೆ. ವ್ಯತ್ಯಾಸ ಎರಡು ಪಟ್ಟು ಮಾತ್ರ. ಅಣು ಸರಿಯಿಲ್ಲವೆ?
— ಪಿಎಚ್.ಡಿ. ವಿದ್ಯಾರ್ಥಿ, ಮೈಸೂರು

ಉತ್ತರ: ಅಣುವನ್ನು ಬಿಡುವ ಮುಂಚೆ ಲೆಕ್ಕ ಮಾಡಿ. ಎರಡು ಬೆಂಜೀನ್ ಉಂಗುರಗಳನ್ನು ಸಾರಜನಕದ ಜೋಡಿ ಬೆಸೆದ ಅಣುವಾದ ಅಜೋಬೆಂಜೀನ್ ಕತ್ತಲೆಯಲ್ಲಿ ಚಪ್ಪಟೆಯಾದ ಟ್ರಾನ್ಸ್ ರೂಪದಲ್ಲಿರುತ್ತದೆ, ಎರಡು ತುದಿಯ ಇಂಗಾಲಗಳ ನಡುವೆ ಸುಮಾರು 9 ಆಂಗ್‌ಸ್ಟ್ರಾಮ್. ನೇರಳಾತೀತ ಬೆಳಕು ಬಿದ್ದರೆ ಸಿಸ್ ರೂಪಕ್ಕೆ ಬಾಗುತ್ತದೆ, ದೂರ ಸುಮಾರು 5.5ಕ್ಕೆ ಇಳಿಯುತ್ತದೆ. ಕಿಣ್ವದ ಕುಳಿಯಲ್ಲಿ ಒಂದು ರೂಪ ಕೂರುತ್ತದೆ, ಇನ್ನೊಂದು ಕೂರುವುದಿಲ್ಲ. ಆದರೆ ಬೆಳಕು ಎಂದೂ ಎಲ್ಲ ಅಣುಗಳನ್ನು ಬಾಗಿಸುವುದಿಲ್ಲ, ಏಕೆಂದರೆ ಸಿಸ್ ರೂಪವೂ ಅದೇ ಬೆಳಕನ್ನು ಸ್ವಲ್ಪ ಹೀರಿ ಹಿಂದಕ್ಕೆ ಬರುತ್ತದೆ. ಶೇ 80 ಸಿಸ್, ಶೇ 20 ಟ್ರಾನ್ಸ್ ಎಂಬಲ್ಲಿ ತೂಗಿ ನಿಂತಿತು ಎನ್ನೋಣ.

ನಿಮ್ಮ ಟ್ರಾನ್ಸ್ ರೂಪ 1 ಮೈಕ್ರೊಮೋಲಾರ್‌ನಲ್ಲಿ ತಡೆಯುತ್ತದೆ, ಸಿಸ್ ರೂಪಕ್ಕೆ 100 ಬೇಕು ಎಂದಿಟ್ಟುಕೊಳ್ಳಿ. ಅಣುವಿಗೆ ನೂರು ಪಟ್ಟು ವ್ಯತ್ಯಾಸದ ಯೋಗ್ಯತೆ ಇದೆ. ಆದರೂ ಬೆಳಕಿನ ನಂತರ ಉಳಿದ ಆ ಶೇ 20 ಟ್ರಾನ್ಸ್ ಸುಮ್ಮನಿರುವುದಿಲ್ಲ. ಮಿಶ್ರಣ 4.8 ಮೈಕ್ರೊಮೋಲಾರ್‌ನಲ್ಲೇ ತಡೆಯುತ್ತದೆ. ನೂರು ಹೋಗಿ ಐದಕ್ಕಿಂತ ಕಡಿಮೆಯಾಯಿತು. ಈಗ ತಿರುಗಿಸಿ ನೋಡಿ. ಸಿಸ್ ರೂಪ 1ರಲ್ಲಿ ತಡೆಯುವಂತೆ, ಟ್ರಾನ್ಸ್‌ಗೆ 100 ಬೇಕಾಗುವಂತೆ ಅಣು ಮಾಡಿದ್ದರೆ ಕತ್ತಲೆಯಲ್ಲಿ 100, ಬೆಳಕಿನಲ್ಲಿ 1.25. ವ್ಯತ್ಯಾಸ 80 ಪಟ್ಟು. ಕತ್ತಲೆಯಲ್ಲಿ ಚೆನ್ನಾಗಿ ತಡೆಯುವ ಅಣುವನ್ನು ಕಂಡು ಖುಷಿಪಡುವುದು ಸಹಜ, ಆದರೆ ಬೆಳಕಿನ ಪ್ರತಿಬಂಧಕಕ್ಕೆ ಬಾಗಿದ ರೂಪವೇ ಕೆಲಸ ಮಾಡುವಂತೆ ವಿನ್ಯಾಸ ಮಾಡುವುದೇ ಜಾಣತನ.

ನಿಮಗೆ ಬಂದದ್ದು ಎರಡು ಪಟ್ಟು. ಅಂದರೆ ಶೇ 80ರವರೆಗೂ ಬಾಗುತ್ತಿಲ್ಲ. ಮೊದಲ ಅನುಮಾನ: ಡಿಎಂಎಸ್‌ಒ ದ್ರಾವಕದಲ್ಲಿ ಕರಗಿಸಿದ 10 ಮಿಲಿಮೋಲಾರ್ ದ್ರಾವಣಕ್ಕೆ ನೇರವಾಗಿ ಬೆಳಕು ಬಿಟ್ಟಿರಾ? ಅಜೋಬೆಂಜೀನ್ ತನ್ನ ಶಿಖರದಲ್ಲಿ, 320 ನ್ಯಾನೊಮೀಟರ್ ಸುತ್ತ, ಮೋಲಾರ್ ಹೀರಿಕೆ ಸುಮಾರು 22,000. ಅಷ್ಟು ಗಟ್ಟಿ ದ್ರಾವಣದಲ್ಲಿ ಒಂದು ಮಿಲಿಮೀಟರ್ ಪದರಕ್ಕೂ ಹೀರಿಕೆ, ಒಂದು ಸೆಂಟಿಮೀಟರಿನ 220ರ ಹತ್ತನೇ ಒಂದು, ಅಂದರೆ 22. 365ರಲ್ಲಿ ಅದಕ್ಕಿಂತ ಕಡಿಮೆ ಇದ್ದರೂ ಬೆಳಕು ಮೇಲಿನ ಪೊರೆಯಲ್ಲೇ ನಿಂತುಹೋಗುತ್ತದೆ. 50 ಮೈಕ್ರೊಮೋಲಾರ್‌ಗೆ ತೆಳು ಮಾಡಿ, ಕುಲುಕುತ್ತ ಬೆಳಕು ಬಿಡಿ. ಎಷ್ಟು ಬಾಗಿತು ಎಂಬುದನ್ನು ಊಹಿಸಬೇಡಿ, ಎರಡೂ ರೂಪಗಳು ಸಮನಾಗಿ ಹೀರುವ ತರಂಗಾಂತರದಲ್ಲಿ ಎಚ್‌ಪಿಎಲ್‌ಸಿ ಓಡಿಸಿ ಅಳೆಯಿರಿ.

ಎರಡನೆಯದು ಕೋಣೆಯ ದೀಪ. ಸಿಸ್ ರೂಪ 430-450ರ ನೀಲಿಯನ್ನು ಹೀರಿ ಹಿಂದಿರುಗುತ್ತದೆ, ಟ್ಯೂಬ್‌ಲೈಟಿನಲ್ಲಿ ಆ ನೀಲಿ ಧಾರಾಳವಾಗಿದೆ. ಪಿಪೆಟ್ ಮಾಡುವಷ್ಟು ಹೊತ್ತು ಕೆಂಪು ಎಲ್‌ಇಡಿ ಒಂದೇ ಇರಲಿ, ಪ್ಲೇಟಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ. ಮೂರನೆಯದು ಅಣುವಿನ ತಲೆಬಾಲ: ಒಂದು ತುದಿಗೆ ಡೈಮಿಥೈಲ್ ಅಮೈನೊ, ಇನ್ನೊಂದಕ್ಕೆ ನೈಟ್ರೊ ಇದ್ದರೆ ನೀರಿನಲ್ಲಿ ಸಿಸ್ ರೂಪ ಕಣ್ಣು ಮಿಟುಕಿಸುವುದರೊಳಗೆ ಹಿಂದಕ್ಕೆ ಬಂದಿರುತ್ತದೆ. ಸಾರಜನಕದ ಬಂಧಕ್ಕೆ ಪಕ್ಕದ ನಾಲ್ಕು ಆರ್ಥೊ ಜಾಗಗಳಲ್ಲಿ ಫ್ಲೋರಿನ್ ಇಟ್ಟ ಅಜೋಬೆಂಜೀನ್ ಹಸಿರು ಬೆಳಕಿಗೇ ಬಾಗುತ್ತದೆ, ಕೋಣೆಯ ಬಿಸಿಯಲ್ಲಿ ಅದರ ಸಿಸ್ ರೂಪದ ಅರ್ಧಾಯುಷ್ಯ ಸುಮಾರು ಎರಡು ವರ್ಷ. ಸಾಧ್ಯವಿದ್ದರೆ ಅದಕ್ಕೆ ಬದಲಾಯಿಸಿಕೊಳ್ಳಿ.

ಹೋಲಿಕೆಗೆ ಈ ಮೂರು ಟ್ಯೂಬ್ ಇಲ್ಲದೆ ಫಲಿತಾಂಶ ಬರೆಯಬೇಡಿ: ಪ್ರತಿಬಂಧಕವಿಲ್ಲದ ಕಿಣ್ವಕ್ಕೆ ಅಷ್ಟೇ ಹೊತ್ತು ಬೆಳಕು, ಕಿಣ್ವವಿಲ್ಲದ ಪ್ರತಿಬಂಧಕದ ಬಣ್ಣದ ಓದು, ಮತ್ತು ಶೇ 0.01 ಟ್ರೈಟಾನ್ ಎಕ್ಸ್-100 ಎಂಬ ಮಾರ್ಜಕ ಸೇರಿಸಿದ ಪ್ರಯೋಗ. ಟ್ರೈಟಾನ್ ಹಾಕಿದ ಕೂಡಲೇ ತಡೆ ಮಾಯವಾದರೆ ನಿಮ್ಮ ಅಣು ಕುಳಿಯಲ್ಲಿ ಕೂರುತ್ತಿರಲಿಲ್ಲ, ಮುದ್ದೆಯಾಗಿ ಕಿಣ್ವವನ್ನು ಮೆತ್ತಿಕೊಳ್ಳುತ್ತಿತ್ತು. ಕಿಣ್ವದ ಕೆಲಸ ತೋರಿಸುವ ಪ್ಯಾರಾ-ನೈಟ್ರೊಅನಿಲಿನ್ ಬಣ್ಣವನ್ನು 405 ನ್ಯಾನೊಮೀಟರ್‌ನಲ್ಲಿ ಓದುತ್ತಿದ್ದರೆ ಅಜೋ ಬಣ್ಣವೂ ಅಲ್ಲೇ ಬಂದು ಸೇರುತ್ತದೆ ಎಂಬುದು ನೆನಪಿರಲಿ.

ಬೆಳಕಿನಿಂದ ಕಿಣ್ವ ತಡೆಯುವ ಈ ಹಾದಿ ಹೊಸದಲ್ಲ. ಅಜೋಬೆಂಜೀನ್ ಅಂಟಿಸಿದ ಅಣುವಿನಿಂದ ಕೈಮೊಟ್ರಿಪ್ಸಿನ್ ಕಿಣ್ವವನ್ನು ಬೆಳಕಿನಲ್ಲಿ ನಿಯಂತ್ರಿಸಿದ ಪ್ರಯೋಗ 1968ರಲ್ಲೇ ಅಚ್ಚಾಗಿದೆ.

ಪ್ರಶ್ನೆ: ರೇಷ್ಮೆ ಸೀರೆಯ ಅಜೋ ಬಣ್ಣವೂ ಈ ಅಜೋಬೆಂಜೀನೂ ಒಂದೆಯೆ?
— ಬಣ್ಣ ಹಾಕುವವರು, ಮೈಸೂರು

ಉತ್ತರ: ಒಂದೇ ಮನೆತನ. ಎರಡು ಸಾರಜನಕಗಳ ಜೋಡಿ ಬಂಧ ಎರಡರಲ್ಲೂ ಇದೆ. ದೇಹದೊಳಗೆ ಆ ಬಂಧ ತುಂಡಾಗಬಲ್ಲದು ಎಂಬುದಕ್ಕೆ 1930ರ ದಶಕದ ಪ್ರಾಂಟೊಸಿಲ್ ಎಂಬ ಕೆಂಪು ಅಜೋ ಬಣ್ಣವೇ ಸಾಕ್ಷಿ. ಅದು ದೇಹದಲ್ಲಿ ಒಡೆದು ಸಲ್ಫಾನಿಲಮೈಡ್ ಆಗಿ ಬ್ಯಾಕ್ಟೀರಿಯಾ ತಡೆಯಿತು. ಒಳಿತು ಮಾಡಿದ ಅದೇ ಒಡೆತ ಬೆಂಜಿಡಿನ್ ಬಗೆಯ ಬಣ್ಣಗಳಲ್ಲಿ ಕ್ಯಾನ್ಸರ್‌ಕಾರಕ ಅಮೈನ್ ಬಿಡುತ್ತದೆ. ಅಂಥ ಬಣ್ಣಗಳಿಗೆ ನಮ್ಮ ದೇಶದಲ್ಲಿ ನಿಷೇಧವಿದೆ. ಹೆಸರಿಲ್ಲದ ಪೊಟ್ಟಣದ ಬಣ್ಣ ಕೊಳ್ಳಬೇಡಿ, ಬರಿಗೈ ಅದ್ದಬೇಡಿ.

ಪ್ರಶ್ನೆ: ಕಿಣ್ವ ಬಿಡಿ, ಆರ್‌ಎನ್‌ಎಯನ್ನೇ ಬೆಳಕಿನಿಂದ ಆಡಿಸಲು ಆಗುತ್ತದೆಯೆ?
— ಔಷಧ ಅಂಗಡಿಯವರು, ಮದ್ದೂರು

ಉತ್ತರ: ಆಗುತ್ತದೆ, ಎರಡು ದಾರಿಗಳಿವೆ. ಅರಿಶಿನದ ಕಲೆಯಾದ ಬಟ್ಟೆಯನ್ನು ಬಿಸಿಲಿಗೆ ಹಾಕಿದರೆ ಹಳದಿ ಹೋಗುತ್ತದೆ, ನೆರಳಿಗೆ ತಂದರೆ ಮರಳುವುದಿಲ್ಲ. ಬಿಸಿಲಿಗೆ ಕಪ್ಪಾಗುವ ಕನ್ನಡಕ ನೆರಳಿಗೆ ಬಂದರೆ ತಿಳಿಯಾಗುತ್ತದೆ. ಆರ್‌ಎನ್‌ಎ ಕೆಲಸದಲ್ಲೂ ಹೀಗೆಯೇ, ಒಮ್ಮೆ ಮಾತ್ರ ತೆರೆಯುವ ಬಗೆ ಒಂದು, ಹೋಗಿ ಬರುವ ಬಗೆ ಇನ್ನೊಂದು.

ಮೊದಲ ದಾರಿ ಮುಸುಕು ಹಾಕುವುದು. ಆರ್‌ಎನ್‌ಎಯಿಂದಲೇ ಆದ ಕಿಣ್ವಗಳಿವೆ, ಅವುಗಳಲ್ಲಿ ಹ್ಯಾಮರ್‌ಹೆಡ್ ಎಂಬುದು ತನ್ನ 2-ಪ್ರೈಮ್ ಹೈಡ್ರಾಕ್ಸಿಲ್ ಬಳಸಿ ಸರಪಳಿ ಕತ್ತರಿಸುತ್ತದೆ. 1998ರಲ್ಲಿ ಕತ್ತರಿಸುವ ಜಾಗದ ಆ ಒಂದೇ ಹೈಡ್ರಾಕ್ಸಿಲ್‌ಗೆ ಆರ್ಥೊ-ನೈಟ್ರೊಬೆಂಜಿಲ್ ಮುಸುಕು ಹಾಕಿ ಕೆಲಸ ನಿಲ್ಲಿಸಿದರು, ಬೆಳಕು ಬಿಟ್ಟು ಮುಸುಕು ತೆಗೆದಾಗ ಕತ್ತರಿಸತೊಡಗಿತು. ಔಷಧದಲ್ಲಿ ಬಾಳಿಕೆಗೆಂದು ಶಾಶ್ವತವಾಗಿ ಮುಚ್ಚುವ ಜಾಗವನ್ನೇ ಇಲ್ಲಿ ಬೇಕಾದ ಗಳಿಗೆಗೆ ತೆರೆಯುತ್ತಾರೆ. ಕಿತ್ತುಬಂದ ಮುಸುಕು ನೈಟ್ರೊಸೊ ಪದಾರ್ಥವಾಗಿ ಪ್ರೋಟೀನುಗಳಿಗೆ ಅಂಟುವುದರಿಂದ ಡಿಟಿಟಿ ಜೊತೆಗಿಡಬೇಕು.

ಎರಡನೆಯದು ಸರಪಳಿಯ ನಡುವೆ ಅಜೋಬೆಂಜೀನ್ ಪೋಣಿಸುವುದು. ಚಪ್ಪಟೆ ಟ್ರಾನ್ಸ್ ರೂಪ ಬೇಸ್ ಜೋಡಿಗಳ ನಡುವೆ ಇಸ್ಪೀಟೆಲೆಯಂತೆ ಸೇರಿ ಜೋಡಿ ಎಳೆಯನ್ನು ಹಿಡಿದಿಡುತ್ತದೆ, ಬಾಗಿದ ಸಿಸ್ ರೂಪ ಅಲ್ಲಿ ಹಿಡಿಸದೆ ಎಳೆಗಳನ್ನು ದೂರ ತಳ್ಳುತ್ತದೆ. ಎರಡು ದಾರಿಯಲ್ಲೂ 300 ನ್ಯಾನೊಮೀಟರಿಗಿಂತ ಕಡಿಮೆಯ ಬೆಳಕು ಬೇಡ, ಅದು ಬೇಸ್‌ಗಳನ್ನೇ ಕೆಡಿಸುತ್ತದೆ. ನೇರಳಾತೀತ ಬೆಳಕು ಚರ್ಮದೊಳಗೆ ಒಂದು ಮಿಲಿಮೀಟರ್ ಕೂಡ ಇಳಿಯುವುದಿಲ್ಲವಾದ್ದರಿಂದ ಔಷಧವಾಗಿ ಬರಲು ಕೆಂಪು ಬೆಳಕಿಗೆ ಸ್ಪಂದಿಸುವ ಅಣುಗಳು ಬೇಕು. ಕಣ್ಣು ಮತ್ತು ಚರ್ಮದಲ್ಲಿ ಮೊದಲು ನಡೆಯುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ಪದವಿ ಕಾಲೇಜಿನ ಲ್ಯಾಬಿನಲ್ಲಿ ಕಡಿಮೆ ಖರ್ಚಿನ ಬೆಳಕಿನ ಪೆಟ್ಟಿಗೆ ಮಾಡಿ ಅಜೋಬೆಂಜೀನ್ ಬಾಗುವುದನ್ನು ತೋರಿಸಬಹುದೆ?
— ರಸಾಯನಶಾಸ್ತ್ರ ಉಪನ್ಯಾಸಕಿ, ಪಾಂಡವಪುರ

ಉತ್ತರ: ಖಂಡಿತ. 3 ವ್ಯಾಟಿನ 365 ನ್ಯಾನೊಮೀಟರ್ ಎಲ್‌ಇಡಿ, ಅದಕ್ಕೆ 700 ಮಿಲಿಆಂಪಿಯರ್ ಸ್ಥಿರ ಕರೆಂಟಿನ ಡ್ರೈವರ್, ಅಂಗೈಯಗಲದ ಅಲ್ಯೂಮಿನಿಯಂ ಹೀಟ್ ಸಿಂಕ್, ಕಂಪ್ಯೂಟರಿನ ಹಳೆ ಫ್ಯಾನು, ಒಳಗೆ ಕಪ್ಪು ಬಳಿದ ಮುಚ್ಚಳದ ಪೆಟ್ಟಿಗೆ. ಹಿಂದಕ್ಕೆ ತರಲು 450ರ ನೀಲಿ ಎಲ್‌ಇಡಿ ಒಂದು. ಹೀಟ್ ಸಿಂಕ್ ಬಿಟ್ಟು ಹಚ್ಚಿದರೆ ಎಲ್‌ಇಡಿ ಬೇಗ ಸುಟ್ಟುಹೋಗುತ್ತದೆ. ಅದಕ್ಕೂ ಮೊದಲು ದ್ರಾವಣ ಬಿಸಿಯಾಗಿ ಸಿಸ್ ರೂಪ ಬೇಗ ಮರಳುತ್ತದೆ, ತಪ್ಪು ಫಲಿತಾಂಶ ಬರುತ್ತದೆ.

ಎಲ್ಲರೂ ಎಡವುವುದು ಎಲ್‌ಇಡಿ ಕೊಳ್ಳುವಲ್ಲಿ. ಅಂಗಡಿಯಲ್ಲಿ ಯುವಿ ಎಂದು ಕೊಡುವ ಅಗ್ಗದ ಎಲ್‌ಇಡಿ, ನೋಟು ನೋಡುವ ಟಾರ್ಚು, ಬಹಳಷ್ಟು 395ರಿಂದ 405ರವು. ಅವು ಬಾಗಿಸುವುದಕ್ಕಿಂತ ಹಿಂದಕ್ಕೆ ತರುವುದೇ ಹೆಚ್ಚು. ಹಚ್ಚಿದಾಗ ಕಡು ನೇರಳೆ ಕಂಡರೆ ಅದು 395ರದು, 365ರದು ಮಂಕಾದ ಬೂದು ನೀಲಿ.

ಅಜೋಬೆಂಜೀನ್ 18.2 ಮಿಲಿಗ್ರಾಂ ತೂಗಿ 100 ಮಿಲಿ ಲೀಟರ್ ಎಥನಾಲಿನಲ್ಲಿ ಕರಗಿಸಿ. ಇದು 1 ಮಿಲಿಮೋಲಾರ್. ಇದರ 1 ಮಿಲಿ ಲೀಟರನ್ನು 40ಕ್ಕೆ ಏರಿಸಿ. ಕ್ವಾರ್ಟ್ಜ್ ಕ್ಯುವೆಟ್‌ನಲ್ಲಿ 320ರ ಹತ್ತಿರ ಹೀರಿಕೆ ಸುಮಾರು 0.55 ಬರಬೇಕು. 365ರ ಬೆಳಕು 30 ಸೆಕೆಂಡು ಬಿಡಿ, ಓದಿ, ಮತ್ತೆ 30 ಸೆಕೆಂಡು, ಓದಿ. 320ರ ಶಿಖರ ಕುಸಿಯುತ್ತ, 440ರ ಸಣ್ಣ ಗುಡ್ಡ ಏಳುತ್ತದೆ. ಓದು ಬದಲಾಗದೆ ನಿಂತಾಗ ನೀಲಿ ಎಲ್‌ಇಡಿ ಹಚ್ಚಿ, ಶಿಖರ ಮತ್ತೆ ಮೇಲೇರುತ್ತದೆ. ಮೊದಲಿನ 0.55ಕ್ಕೆ ಪೂರ್ತಿ ಮುಟ್ಟದು, ನೀಲಿ ಬೆಳಕೂ ಎಲ್ಲ ಅಣುಗಳನ್ನು ಹಿಂದಕ್ಕೆ ತರಲಾರದು. ಮುಚ್ಚಿ ಕತ್ತಲೆಯಲ್ಲಿ ಕೆಲವು ದಿನ ಬಿಟ್ಟು ಓದಿದರೆ ಪೂರ್ತಿ ಮುಟ್ಟುವುದನ್ನೂ ಮಕ್ಕಳಿಗೆ ತೋರಿಸಿ.

ಯುವಿ ತಡೆಯುವ ಕನ್ನಡಕ ಎಲ್ಲರಿಗೂ ಇರಲಿ, ಮುಚ್ಚಳ ತೆರೆದರೆ ಎಲ್‌ಇಡಿ ತಾನೇ ಆರುವಂತೆ ಒಂದು ಸ್ವಿಚ್ ಕೂರಿಸಿ. ಅಜೋಬೆಂಜೀನ್ ಕ್ಯಾನ್ಸರ್‌ಕಾರಕ ಎಂಬ ಅನುಮಾನದ ಪಟ್ಟಿಯಲ್ಲಿದೆ, ಗ್ಲೌಸ್ ಹಾಕಿ ತೂಗಿ. ಮಿಕ್ಕ ದ್ರಾವಣ ಸಿಂಕಿಗೆ ಬೇಡ, ಸಾವಯವ ತ್ಯಾಜ್ಯದ ಬಾಟಲಿಗೆ ಹಾಕಿ.